ಪಂಚಾಯತಿನ ಸ್ವಂತ ನಿಧಿಯಿಂದ ಬ್ರಹ್ಮಕಲಶೋತ್ಸವಕ್ಕೆ ಹಣ ಕೊಡಬಹುದೇ?

ವಾರ್ಡ್ ಸದಸ್ಯೆ, ಉಡುಪಿ ತಾಲೂಕು:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ತಾಲೂಕಿನ ಒಂದು ಗ್ರಾಮ ಪಂಚಾಯತಿನ ಸದಸ್ಯೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮಾತು ವಿಷಯ ಬಿಟ್ಟು ಊರಿನ ಮೇಲೆ ಹೋಗುತ್ತದೆ.

ಬರುವ ಸೋಮವಾರ ನಮ್ಮ ಸಾಮಾನ್ಯ ಸಭೆ. ಅದರಲ್ಲಿ ಒಂದು ಅರ್ಜಿ ಚರ್ಚೆಗೆ ಬರಲಿದೆ. ಹನ್ನೆರಡು ವರ್ಷಗಳ ನಂತರ ನಮ್ಮೂರ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ನಡೆಯುತ್ತಿದೆ. ಹೊರೆಕಾಣಿಕೆ (ಭಕ್ತರು ಮೆರವಣಿಗೆಯಲ್ಲಿ ತರುವ ಅಕ್ಕಿ, ತೆಂಗಿನಕಾಯಿ ಮುಂತಾದ ಕಾಣಿಕೆ) ಬರುವ ದಾರಿಗೆ ಸ್ವಾಗತ ದ್ವಾರ ಮತ್ತು ದೀಪಾಲಂಕಾರ ಮಾಡಲು ಪಂಚಾಯತಿನ ಸ್ವಂತ ನಿಧಿಯಿಂದ 60,000 ರೂಪಾಯಿ ಮಂಜೂರು ಮಾಡಬೇಕೆಂದು ಸಮಿತಿಯವರು ಕೇಳಿದ್ದಾರೆ. ಅರ್ಜಿ ಕೊಟ್ಟವರೆಲ್ಲ ನನಗೆ ಬೇಕಾದವರೇ. ಅನ್ನಸಂತರ್ಪಣೆಗೆ ತರಕಾರಿ ಹೆಚ್ಚುವ ಮಹಿಳೆಯರ ತಂಡದಲ್ಲಿ ನಾನೂ ಇದ್ದೇನೆ. ಆ ದೇವರ ಎದುರು ಕೈಮುಗಿಯದೆ ನಾನು ನಾಮಪತ್ರ ಸಲ್ಲಿಸಿದವಳಲ್ಲ.

ಆದರೆ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ. ಕಳೆದ ತಿಂಗಳು ಪಂಚಾಯತ್ ಕಚೇರಿಯಲ್ಲಿ ಕುಳಿತಿದ್ದಾಗ ನನ್ನ ವಾರ್ಡಿನ ಒಬ್ಬ ಕ್ರೈಸ್ತ ವಿಧವೆ ಬಾಕಿ ಮನೆ ತೆರಿಗೆ ಕಟ್ಟಲು ಬಂದಿದ್ದರು. ಬೀಡಿ ಕಟ್ಟಿ ಬಂದ ದುಡ್ಡು. ಕರವಸ್ತ್ರದ ಗಂಟು ಬಿಚ್ಚಿ ನೋಟುಗಳನ್ನು ಎರಡೆರಡು ಬಾರಿ ಎಣಿಸಿ ಕೊಟ್ಟರು. ಸ್ವಂತ ನಿಧಿ ಎಂದರೆ ಆ ಗಂಟು. ಅದನ್ನು ನನ್ನ ದೇವರ ದ್ವಾರಕ್ಕೆ ಕೊಡಲು ನಾನು ಕೈ ಎತ್ತಬಹುದೇ? ಹೀಗೆ ಕೇಳಿದ್ದಕ್ಕೆ ಸಹಸದಸ್ಯರೊಬ್ಬರು, ‘ಊರಿನಲ್ಲಿ ಹೆಚ್ಚು ಮಂದಿ ನಾವೇ ಅಲ್ಲವೇ’ ಎಂದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಕಾನೂನು ಗೊತ್ತಿರುವವರು, ಊರಿನ ವ್ಯವಹಾರ ಬಲ್ಲವರು ದಯವಿಟ್ಟು ಹೇಳಿ.

ಕಾರ್ಕಳದ ವ್ಯಾಪಾರಿ:

ಅಕ್ಕ, ನಿಮ್ಮ ಮನಸ್ಸು ಒಳ್ಳೆಯದು. ಆದರೂ ಇದನ್ನು ಇಷ್ಟು ಭಾರ ಮಾಡಿಕೊಳ್ಳಬೇಡಿ. ಬ್ರಹ್ಮಕಲಶವೆಂದರೆ ಊರ ಸಂಭ್ರಮ. ಅನ್ನದ ಪಂಕ್ತಿಯಲ್ಲಿ ಯಾರು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ನಾನು ಪ್ರತಿವರ್ಷ ಅತ್ತೂರಿನ ಚರ್ಚಿನ ಹಬ್ಬವಾದ ಸಾಂತ್‌ಮಾರಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತೇನೆ. ಅಲ್ಲಿಯ ರಸ್ತೆ, ಬಸ್ಸು, ಪೊಲೀಸ್ ವ್ಯವಸ್ಥೆ ಎಲ್ಲವೂ ಸರ್ಕಾರದ್ದೇ. ಒಂದು ದ್ವಾರದಿಂದ ಯಾರ ನಂಬಿಕೆಗೂ ಪೆಟ್ಟು ಬೀಳುವುದಿಲ್ಲ. ಉರೂಸಿಗೂ ಕೊಡಿ, ಚರ್ಚಿನ ಹಬ್ಬಕ್ಕೂ ಕೊಡಿ. ಎಲ್ಲರಿಗೂ ಕೊಟ್ಟರೆ ತಕರಾರೇ ಇಲ್ಲ.

ಮಂಗಳೂರಿನ ವಕೀಲ:

ಮೊದಲು ಕಾನೂನು ಹೇಳುತ್ತೇನೆ. ಸಂವಿಧಾನದ 27ನೇ ವಿಧಿ ನಿಮ್ಮ ಪ್ರಶ್ನೆಯ ಬುಡದಲ್ಲೇ ಇದೆ. ಯಾವುದೇ ಒಂದು ಧರ್ಮ ಅಥವಾ ಪಂಥದ ಪ್ರೋತ್ಸಾಹಕ್ಕೆ, ನಿರ್ವಹಣೆಗೆ ಎಂದೇ ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ಇದನ್ನು ಓದಿ ‘ಹಾಗಾದರೆ 60,000 ರೂಪಾಯಿ ಕಾನೂನುಬಾಹಿರ’ ಎಂದು ನೇರವಾಗಿ ತೀರ್ಮಾನಿಸಲು ಬರುವುದಿಲ್ಲ. 2011ರಲ್ಲಿ ಹಜ್ ಸಹಾಯಧನವನ್ನು ಪ್ರಶ್ನಿಸಿದ್ದ ಪ್ರಫುಲ್ಲ ಗೋರಾಡಿಯಾ ಪ್ರಕರಣದಲ್ಲಿ, ತೆರಿಗೆಯ ಗಣನೀಯ ಭಾಗ ಒಂದು ಧರ್ಮಕ್ಕೆ ಹೋದರೆ ಮಾತ್ರ 27ನೇ ವಿಧಿಯ ಉಲ್ಲಂಘನೆಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಒಂದು ದ್ವಾರದ ಖರ್ಚನ್ನು ಈ ವಿಧಿಯೊಂದರ ಬಲದಿಂದಲೇ ನ್ಯಾಯಾಲಯ ತಡೆಯುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಅದೇ ಹಜ್ ಸಹಾಯಧನವನ್ನು ಹತ್ತು ವರ್ಷಗಳಲ್ಲಿ ಹಂತ ಹಂತವಾಗಿ ನಿಲ್ಲಿಸಬೇಕೆಂದು 2012ರಲ್ಲಿ ಇದೇ ನ್ಯಾಯಾಲಯ ನಿರ್ದೇಶಿಸಿತು. 2018ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ನ್ಯಾಯಾಲಯ ತಡೆಯದಿರಬಹುದು ಎನ್ನುವುದೂ ಸದಸ್ಯರು ಕೈ ಎತ್ತಬಹುದು ಎನ್ನುವುದೂ ಒಂದೇ ಅಲ್ಲ. ಅಮೆರಿಕದಲ್ಲೂ ಈ ಪ್ರಶ್ನೆ ಎದ್ದಿತ್ತು. 1780ರ ದಶಕದಲ್ಲಿ ವರ್ಜೀನಿಯಾದಲ್ಲಿ ಕ್ರೈಸ್ತ ಬೋಧಕರ ಸಂಬಳಕ್ಕೆ ತೆರಿಗೆ ಹಾಕುವ ಮಸೂದೆ ಬಂತು. ತೆರಿಗೆ ಕೊಡುವವನು ತನ್ನದೇ ಪಂಗಡದ ಬೋಧಕನನ್ನು ಆರಿಸಿಕೊಳ್ಳಬಹುದಿತ್ತು. ಕಾರ್ಕಳದವರು ಹೇಳಿದ ‘ಎಲ್ಲರಿಗೂ ಕೊಡಿ’ ಎಂಬ ದಾರಿಗೆ ಅದು ಬಹಳ ಹತ್ತಿರ. 1785ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಅದನ್ನು ವಿರೋಧಿಸಿ ಬರೆದರು. ಮೂರು ಪೆನ್ಸ್ ಮಾತ್ರ ಕೊಡು ಎಂದು ಒತ್ತಾಯಿಸುವ ಅಧಿಕಾರ ಇಂದು ಸರ್ಕಾರಕ್ಕೆ ಸಿಕ್ಕಿದರೆ, ನಾಳೆ ಯಾವ ಮತವನ್ನು ಅನುಸರಿಸಬೇಕೆಂದು ಒತ್ತಾಯಿಸುವ ಅಧಿಕಾರವೂ ಸಿಕ್ಕಿದಂತೆಯೇ ಎಂಬುದು ಅವರ ವಾದ. ಮಸೂದೆ ಬಿದ್ದುಹೋಯಿತು. 1786ರಲ್ಲಿ ಅಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಬಂತು. ಆ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದವರೂ ಇದ್ದರು. ತಮ್ಮ ಚರ್ಚಿಗೆ ಸರ್ಕಾರದ ದುಡ್ಡು ಬೇಡವೆಂದು ಭಕ್ತರೇ ಹೇಳಿದರು. ಚರ್ಚ್ ಮತ್ತು ಪ್ರಭುತ್ವದ ನಡುವೆ ಗೋಡೆ ಇರಬೇಕೆಂದು ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದದ್ದೂ ಕನೆಕ್ಟಿಕಟ್ಟಿನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೇ.

ರಸ್ತೆಗೂ ದ್ವಾರಕ್ಕೂ ಇರುವ ಅಂತರ ಮುಖ್ಯ. ಸಾವಿರ ಜನ ಸೇರುವಲ್ಲಿ ಕುಡಿಯುವ ನೀರು, ಶೌಚಾಲಯ, ಕಸ ವಿಲೇವಾರಿ ಪಂಚಾಯತಿನ ಕರ್ತವ್ಯ. ಅವರು ಯಾಕೆ ಸೇರಿದ್ದಾರೆ ಎಂದು ಪಂಚಾಯತ್ ಕೇಳಬೇಕಾಗಿಲ್ಲ. ದ್ವಾರ ಹಾಗಲ್ಲ. ದೇವರನ್ನು ಸ್ವಾಗತಿಸಲು ಅದನ್ನು ಕಟ್ಟುತ್ತಾರೆ.

ಮೂಲ್ಕಿಯ ನಿವೃತ್ತ ಮಾಸ್ಟ್ರು:

ವಕೀಲರು ವರ್ಜೀನಿಯಾದವರೆಗೆ ಹೋಗಿ ಬಂದರು, ಸಂತೋಷ. ಆದರೆ ಈ ದೇಶದಲ್ಲಿ ಪ್ರಭುತ್ವ ಮತ್ತು ಧರ್ಮದ ನಡುವಿನ ಗೆರೆ ಎಳೆದ ಮೊದಲ ದೊಡ್ಡ ತೀರ್ಪುಗಳಲ್ಲಿ ಎರಡು ನಮ್ಮ ಜಿಲ್ಲೆಯ ಮಣ್ಣಿನಿಂದಲೇ ಹೋದವು. ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸುವುದಿಲ್ಲ ಎಂಬ ನೋವು ನನಗಿದೆ.

ಮೊದಲನೆಯದು ಶಿರೂರು ಮಠದ ಪ್ರಕರಣ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಉಡುಪಿಯ ಕೃಷ್ಣಮಠದ ಪೂಜೆಯ ಸರದಿ, ಅಂದರೆ ಪರ್ಯಾಯ, ಎಂಟು ಮಠಗಳಿಗೆ ಎರಡೆರಡು ವರ್ಷ, ಹದಿನಾರು ವರ್ಷಕ್ಕೆ ಒಂದು ಸುತ್ತು. ದಿನವೂ ಊಟಕ್ಕೆ ಬಂದವರಿಗೆಲ್ಲ ಬಡಿಸಬೇಕು. ಪರ್ಯಾಯದ ಖರ್ಚಿನಿಂದ ಶಿರೂರು ಮಠಕ್ಕೆ ಸಾಲವಾಯಿತು. ಧಾರ್ಮಿಕ ದತ್ತಿ ಮಂಡಳಿ ಆಡಳಿತದಲ್ಲಿ ಕೈಹಾಕಿತು. ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ 1951ರ ಹೊಸ ಮದ್ರಾಸ್ ಕಾಯಿದೆ ಬಂತು, ವಿವಾದ ಅದರ ಮೇಲೂ ಹಬ್ಬಿತು. 1954ರ ಮಾರ್ಚ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಿ.ಕೆ. ಮುಖರ್ಜಿಯವರು ತೀರ್ಪು ಬರೆದರು. ಅಧಿಕಾರಿಗಳು ಯಾವಾಗ ಬೇಕಾದರೂ, ಗರ್ಭಗುಡಿಯವರೆಗೂ ನುಗ್ಗಬಹುದೆಂದು ಆ ಕಾಯಿದೆಯಲ್ಲಿತ್ತು. ನ್ಯಾಯಾಲಯ ಅದನ್ನು ರದ್ದು ಮಾಡಿತು. ಯಾವ ಪೂಜೆ, ಯಾವ ಹೊತ್ತಿಗೆ, ಯಾವ ನೈವೇದ್ಯ ಎನ್ನುವುದು ಆ ಧರ್ಮದವರ ವಿಷಯ. ಆಸ್ತಿ ಮತ್ತು ಲೆಕ್ಕಪತ್ರದ ಮೇಲೆ ಕಾನೂನಿನ ಕಣ್ಣು ಇರಬಹುದು. ಗೆರೆ ಅಲ್ಲಿ ಬಿತ್ತು. ಸೇವೆಗೆ ಪ್ರತಿಯಾದ ಶುಲ್ಕವೆಂದು ಹೇಳಿ ಮಠಗಳಿಂದ ವಸೂಲು ಮಾಡುತ್ತಿದ್ದ ವಂತಿಗೆ ನಿಜವಾಗಿ ತೆರಿಗೆಯೇ ಎಂದು ಹೇಳಿ ಅದನ್ನೂ ತಳ್ಳಿಹಾಕಿತು.

ಎರಡನೆಯದು ನಾನು ದಿನವೂ ಸಂಜೆ ವಾಕಿಂಗ್ ಹೋಗುವ ದಾರಿಯ ವೆಂಕಟರಮಣ ದೇವಸ್ಥಾನದ್ದು. ದಲಿತರಿಗೆ ದೇವಸ್ಥಾನ ಪ್ರವೇಶ ಕೊಡುವ 1947ರ ಮದ್ರಾಸ್ ಕಾಯಿದೆ ತಮಗೆ ಅನ್ವಯಿಸುವುದಿಲ್ಲ, ಇದು ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನ ಎಂದು ಮೊಕ್ತೇಸರರು ವಾದಿಸಿದರು. ಇದು ಆ ಸಮುದಾಯದ ದೇವಸ್ಥಾನ ಎಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ 1957ರ ನವೆಂಬರ್ ತೀರ್ಪಿನಲ್ಲಿ, ಹಿಂದೂಗಳ ಎಲ್ಲ ವರ್ಗಗಳಿಗೂ ಬಾಗಿಲು ತೆರೆಯುವ ಸಂವಿಧಾನದ ಮಾತೇ ಮೇಲು ಎಂದಿತು. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಮಾತ್ರ ಸಮುದಾಯದವರಿಗೆ ಪ್ರತ್ಯೇಕ ಅವಕಾಶ ಉಳಿಯಿತು. ದಾವೆ ಮದ್ರಾಸು ರಾಜ್ಯದಲ್ಲಿ ಹುಟ್ಟಿತು, ತೀರ್ಪು ಬರುವ ಹೊತ್ತಿಗೆ ನಾವು ಮೈಸೂರಿಗೆ ಸೇರಿದ್ದೆವು. ಆದ್ದರಿಂದ ಪ್ರಕರಣದ ಹೆಸರಿನಲ್ಲಿ ಮೈಸೂರು ರಾಜ್ಯ ಎಂದಿದೆ.

ಸದಸ್ಯೆಯವರೇ, ಸ್ವಾಮಿಗಳು ನ್ಯಾಯಾಲಯದಲ್ಲಿ ಹೋರಾಡಿದ್ದು ಸರ್ಕಾರವನ್ನು ಮಠದ ಬಾಗಿಲಿನಿಂದ ಹೊರಗಿಡಲು. ನಿಮ್ಮ ಸಮಿತಿಯವರು ಅದೇ ಸರ್ಕಾರವನ್ನು 60,000 ರೂಪಾಯಿಗಾಗಿ ಒಳಗೆ ಕರೆಯುತ್ತಿದ್ದಾರೆ. ಇಂದು ದುಡ್ಡು ಕೊಟ್ಟ ಪಂಚಾಯತ್ ನಾಳೆ ದ್ವಾರದ ಮೇಲೆ ಯಾರ ಭಾವಚಿತ್ರ ಇರಬೇಕು ಎಂದು ಹೇಳುತ್ತದೆ.

ಪುತ್ತೂರು ಕಡೆಯ ದೇವಸ್ಥಾನ ಸಮಿತಿ ಕೋಶಾಧಿಕಾರಿ:

ಮಾಸ್ಟ್ರ ಬಗ್ಗೆ ಗೌರವವಿದೆ. ಆದರೆ ಹುಂಡಿ ಎಣಿಸುವ ಮೇಜಿನಲ್ಲಿ ಕುಳಿತವನ ಮಾತನ್ನೂ ಕೇಳಿ. ಸರ್ಕಾರ ಈಗಾಗಲೇ ನಮ್ಮ ಒಳಗಿದೆ. 1997ರ ಧಾರ್ಮಿಕ ದತ್ತಿ ಕಾಯಿದೆಯಂತೆ ಮುಜರಾಯಿ ದೇವಸ್ಥಾನಕ್ಕೆ ವ್ಯವಸ್ಥಾಪನಾ ಸಮಿತಿ, ಅದಕ್ಕೆ ಇಲಾಖೆಯ ಒಪ್ಪಿಗೆ, ಆದಾಯ ಹೆಚ್ಚಿದ್ದರೆ ಸಾಮಾನ್ಯ ಸಂಗ್ರಹಣಾ ನಿಧಿಗೆ ಪಾಲು. ಭಕ್ತರು ಹರಕೆ ಹಾಕಿದ ದುಡ್ಡಿನ ಒಂದು ಭಾಗವನ್ನು ಎಣಿಸಿ ಕಳುಹಿಸುವಾಗ ಕೈ ಭಾರವಾಗುತ್ತದೆ. ನಮ್ಮ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಪ್ರಕರಣದಲ್ಲಿ 2006ರಲ್ಲಿ ರಾಜ್ಯ ಹೈಕೋರ್ಟ್ ಈ ಕಾಯಿದೆಯನ್ನೇ ರದ್ದು ಮಾಡಿತ್ತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ಉಳಿದುಕೊಂಡಿತು. 2024ರಲ್ಲಿ ಆ ನಿಧಿಯ ಪ್ರಮಾಣ ಬದಲಿಸುವ ಮಸೂದೆ ವಿಧಾನಪರಿಷತ್ತಿನಲ್ಲಿ ಬಿದ್ದಾಗ ಇಡೀ ರಾಜ್ಯ ಈ ವಿಷಯ ಮಾತಾಡಿತು, ನಾಲ್ಕು ದಿನದಲ್ಲಿ ಮರೆಯಿತು.

‘ಸರ್ಕಾರ ದೇವಸ್ಥಾನಗಳಿಗೆ ತಸ್ತೀಕ್ ಕೊಡುತ್ತದೆ’ ಎನ್ನುತ್ತಾರೆ. ತಸ್ತೀಕ್ ಎಂದರೆ ದೇವಸ್ಥಾನಕ್ಕೆ ಸರ್ಕಾರ ವರ್ಷವರ್ಷ ಕೊಡುವ ಹಣ, ಅದು ದಾನವಲ್ಲ. ಇನಾಂ ರದ್ದತಿಯಲ್ಲಿ, ಭೂಸುಧಾರಣೆಯಲ್ಲಿ ದೇವರ ಗದ್ದೆಗಳು ಹೋದವು. ಉಳುವವನಿಗೆ ಭೂಮಿ ಸಿಕ್ಕಿತು, ನಾನು ಅದನ್ನು ವಿರೋಧಿಸುವವನಲ್ಲ, ನನ್ನ ತಂದೆಗೂ ಸಿಕ್ಕಿದೆ. ಹೋದ ಗದ್ದೆಗೆ ಬದಲಾಗಿ ಬರುವ ಚೂರು ಅದು. ಗೋಡೆ ಕಟ್ಟುವುದಾದರೆ ಎರಡೂ ಕಡೆಯಿಂದ ಕಟ್ಟಿ. ನಮ್ಮಿಂದ ತೆಗೆದುಕೊಳ್ಳುವಾಗ ಗೋಡೆ ಇಲ್ಲ, ಕೊಡುವಾಗ ಮಾತ್ರ ಗೋಡೆ ಎಂದರೆ ನಾನು ಒಪ್ಪುವುದಿಲ್ಲ.

ಮಂಗಳೂರಿನ ವಕೀಲ:

ಕೋಶಾಧಿಕಾರಿಗಳ ಕೊನೆಯ ವಾಕ್ಯಕ್ಕೆ ನನ್ನ ಪೂರ್ಣ ಸಹಮತವಿದೆ. ಸರ್ಕಾರ ಒಳಗೆ ಬಂದ ಬಗೆಯನ್ನೂ ನೋಡಬೇಕು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ 1817ರ ನಿಯಮದ ಮೂಲಕ ದೇವಸ್ಥಾನದ ದತ್ತಿಗಳ ಮೇಲ್ವಿಚಾರಣೆಯನ್ನು ಕಂದಾಯ ಮಂಡಳಿಗೆ ಒಪ್ಪಿಸಿತು. ಕ್ರೈಸ್ತ ಸರ್ಕಾರ ವಿಗ್ರಹಾರಾಧನೆಯ ಲೆಕ್ಕ ಬರೆಯುವುದೇ ಎಂದು ಮಿಷನರಿಗಳು ಗಲಾಟೆ ಎಬ್ಬಿಸಿದರು. ಕಂಪನಿ ಕೈ ಹಿಂದೆಗೆಯಿತು, 1863ರ ಕಾಯಿದೆಯಿಂದ ಅದು ಪೂರ್ಣಗೊಂಡಿತು. ಕೇಳುವವರಿಲ್ಲದೆ ಅನೇಕ ಕಡೆ ದೇವರ ಜಮೀನು ಖಾಸಗಿಯವರ ಪಾಲಾಯಿತು. ಅದನ್ನು ತಡೆಯಲು 1920ರ ದಶಕದಲ್ಲಿ ದತ್ತಿ ಮಂಡಳಿ ಬಂತು. ಸರ್ಕಾರ ಪೂರ್ತಿ ಹೊರಗಿದ್ದಾಗಲೂ ದೇವರಿಗೆ ನಷ್ಟವಾಗಿದೆ, ಪೂರ್ತಿ ಒಳಗೆ ಬಂದಾಗಲೂ ಆಗಿದೆ.

ಇನ್ನೊಂದು ತಿದ್ದುಪಡಿ: ಹಿಂದೂ ಸಂಸ್ಥೆಗಳ ಮೇಲೆ ಮಾತ್ರ ಸರ್ಕಾರದ ಕಣ್ಣಿದೆ ಎನ್ನುವುದು ಸರಿಯಲ್ಲ. ವಕ್ಫ್ ಸಂಸ್ಥೆಗಳೂ ಕಾನೂನಿನ ಅಡಿಯಲ್ಲೇ ಇವೆ. ಆದಾಯದ ಶೇಕಡಾ 7ರವರೆಗೆ ಇದ್ದ ವಂತಿಗೆಯನ್ನು 2025ರ ತಿದ್ದುಪಡಿ ಶೇಕಡಾ 5ಕ್ಕೆ ಇಳಿಸಿತು. ಮಠಗಳು ಮತ್ತು ಅವುಗಳಿಗೆ ಸೇರಿದ ದೇವಸ್ಥಾನಗಳು 1997ರ ಕಾಯಿದೆಯ ಹೊರಗಿವೆ.

ಶಿರ್ವದ ಕೃಷಿಕ:

ಸದಸ್ಯೆಯವರು ಬರೆದ ಆ ವಿಧವೆಯ ಸ್ಥಾನದಲ್ಲಿ ನನ್ನ ತಾಯಿಯನ್ನು ಕಂಡೆ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಖರ್ಚು ನಮ್ಮ ಜೇಬಿನದ್ದು. ಒಬ್ಬರು ದೀಪಕ್ಕೆ, ಒಬ್ಬರು ಬ್ಯಾಂಡಿಗೆ, ಮತ್ತೊಬ್ಬರು ಮೇರಿಯ ಜನ್ಮದಿನದ ಮೊಂತಿ ಹಬ್ಬದಲ್ಲಿ ಕಬ್ಬಿಗೆ. ಕೊಡುವುದರಲ್ಲಿಯೇ ಭಕ್ತಿಯಿದೆ. ನನ್ನ ಅಜ್ಜಿ ಒಂದು ಗೊನೆ ಬಾಳೆಹಣ್ಣು ಏಲಂಗೆ ಕೊಟ್ಟು ವರ್ಷವಿಡೀ ಅದನ್ನೇ ಹೇಳಿಕೊಳ್ಳುತ್ತಿದ್ದರು. ಪಂಚಾಯತ್ ಆ ಗೊನೆ ತಂದಿಟ್ಟರೆ ಅಜ್ಜಿಗೆ ಏನು ಉಳಿಯುತ್ತಿತ್ತು?

ನಮ್ಮ ಸಮುದಾಯದ ನೆನಪಿನಲ್ಲಿ ರಾಜ್ಯವೆಂದರೆ ಮೊದಲು ಭಯ. 1784ರಲ್ಲಿ ಟಿಪ್ಪು ಕೆನರಾದ ಕಥೋಲಿಕರನ್ನು ಸೆರೆ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ. ಬ್ರಿಟಿಷರ ಪರ ಎಂಬ ಸಂಶಯ ಅದಕ್ಕೆ ಕಾರಣ, ಶಿಕ್ಷೆ ಬಿದ್ದದ್ದು ಮಾತ್ರ ಇಡೀ ಸಮುದಾಯಕ್ಕೆ. ಉಳಿದವರು 1799ರ ನಂತರವೇ ಮರಳಿದರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ನಮಗೆ ಬೇಕಾಗಿದ್ದದ್ದು ಸರ್ಕಾರದ ದುಡ್ಡಲ್ಲ. ಬಾಗಿಲ ಹೊರಗೆ ನಿಂತು ಕಾಯುವ ಒಬ್ಬ ಪೊಲೀಸ್. ಸರ್ಕಾರದಿಂದ ನಾನು ಬೇಡುವುದು ಅಷ್ಟನ್ನೇ. ದೇವಸ್ಥಾನಕ್ಕೂ ಮಸೀದಿಗೂ ಅದನ್ನೇ ಬೇಡುತ್ತೇನೆ.

ಉಡುಪಿಯ ಕಾನೂನು ವಿದ್ಯಾರ್ಥಿನಿ:

ಮಾಸ್ಟ್ರೇ, ಶಿರೂರು ಮಠದ ತೀರ್ಪಿನಲ್ಲಿ ನೀವು ಬಿಟ್ಟ ಒಂದು ವಾಕ್ಯವಿದೆ. ಧರ್ಮವೆಂದರೆ ತತ್ತ್ವ ಮಾತ್ರವಲ್ಲ, ಆಚರಣೆಗಳೂ ಅದರ ಭಾಗ. ಅವು ಆಹಾರ ಮತ್ತು ಉಡುಪಿನವರೆಗೂ ಚಾಚಬಹುದು ಎಂದು ಮುಖರ್ಜಿಯವರು ಬರೆದಿದ್ದಾರೆ. ಮೊದಲ ಬಾರಿ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. 2022ರಲ್ಲಿ ನಾನು ಪಿಯು ವಿದ್ಯಾರ್ಥಿನಿ. ಹಿಜಾಬಿನ ವಿವಾದ ಇದೇ ಉಡುಪಿಯ ಒಂದು ಸರ್ಕಾರಿ ಕಾಲೇಜಿನಲ್ಲಿ ಶುರುವಾಗಿತ್ತು. ನನ್ನ ಪಕ್ಕದ ಬೆಂಚಿನ ಗೆಳತಿ ಆ ವರ್ಷ ಪರೀಕ್ಷೆ ಬರೆಯಲಿಲ್ಲ.

ಹಿಜಾಬ್ ಇಸ್ಲಾಮಿನ ಅಗತ್ಯ ಆಚರಣೆಯಲ್ಲ ಎಂದು 2022ರ ಮಾರ್ಚ್ 15ರಂದು ಹೈಕೋರ್ಟ್ ಹೇಳಿತು. ‘ಅಗತ್ಯ ಆಚರಣೆ’ ಎಂಬ ಅಳತೆಗೋಲಿನ ಬೇರು 1954ರ ಆ ತೀರ್ಪಿನಲ್ಲಿದೆ. ಆದರೆ ಅಲ್ಲಿ ಏನು ಅಗತ್ಯ ಎಂಬುದನ್ನು ಆ ಧರ್ಮದ ತತ್ತ್ವದಿಂದಲೇ ತಿಳಿಯಬೇಕು ಎಂದಿತ್ತು. ಬರಬರುತ್ತಾ ಅದನ್ನು ನ್ಯಾಯಮೂರ್ತಿಗಳೇ ಗ್ರಂಥ ತೆರೆದು ನಿರ್ಣಯಿಸುವ ಪದ್ಧತಿ ಬೆಳೆಯಿತು. ಗರ್ಭಗುಡಿಯಿಂದ ಅಧಿಕಾರಿಯನ್ನು ಹೊರಗಿಟ್ಟ ತೀರ್ಪು, ನ್ಯಾಯಾಲಯವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ಸುಧಾಂಶು ಧುಲಿಯಾ ಅವರು ಅಗತ್ಯ ಆಚರಣೆಯ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಹೆಣ್ಣುಮಗುವಿನ ಆಯ್ಕೆ ಮತ್ತು ಓದು ಮುಖ್ಯ ಎಂದರು.

ಕೋಶಾಧಿಕಾರಿ:

ತಂಗೀ, ನಿನ್ನ ಗೆಳತಿಯ ಓದು ನಿಂತದ್ದು ನನಗೂ ದುಃಖದ ವಿಷಯ. ಆದರೂ ಸರ್ಕಾರಿ ತರಗತಿಯಲ್ಲಿ ಎಲ್ಲರಿಗೂ ಒಂದೇ ಉಡುಪು ಇರಬೇಕು ಎಂಬುದು ನನ್ನ ನಂಬಿಕೆ. ಅಲ್ಲಿ ಕೇಸರಿ ಶಾಲೂ ಬೇಡ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ವಿದ್ಯಾರ್ಥಿನಿ:

ಸರ್, ನಿಮ್ಮ ಹುಂಡಿಗೆ ಸರ್ಕಾರ ಕೈಹಾಕಿದಾಗ ಕೈ ಭಾರವಾಗುತ್ತದೆ ಎಂದಿರಿ. ಅವಳಿಗೂ ತಲೆಯ ಮೇಲಿನ ಬಟ್ಟೆಗೆ ಕೈಹಾಕಿದಂತೆ ಆಯಿತು. ಸಮವಸ್ತ್ರದ ಬಗ್ಗೆ ನಾವು ಒಪ್ಪದಿರಬಹುದು. ಇದೊಂದನ್ನು ಮಾತ್ರ ಯೋಚಿಸಿ ನೋಡಿ.

ಉಳ್ಳಾಲದ ಓದುಗ:

ನನ್ನ ದೊಡ್ಡಪ್ಪ ಮೂವತ್ತು ವರ್ಷ ಜಾತ್ರೆಗಳಲ್ಲಿ ಬಳೆ, ಆಟಿಕೆ ಮಾರಿದವರು. ಯಾವ ದೇವಸ್ಥಾನದ ರಥ ಯಾವ ದಿನ ಎಂದು ಅವರಿಗೆ ಪಂಚಾಂಗವಿಲ್ಲದೆ ಗೊತ್ತಿತ್ತು. 2022ರಲ್ಲಿ ಒಂದು ಜಾತ್ರೆಯಲ್ಲಿ ಅವರಿಗೆ ಜಾಗ ಇಲ್ಲ ಎಂದರು. ಮನೆಗೆ ಬಂದು ಬಳೆಯ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟರು. ಮತ್ತೆ ಇಳಿಸಲಿಲ್ಲ.

ಅದಕ್ಕೆ ತೋರಿಸಿದ್ದು ಸರ್ಕಾರದ ನಿಯಮವನ್ನೇ. ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಎಂದು 2002ರ ಧಾರ್ಮಿಕ ದತ್ತಿ ನಿಯಮಾವಳಿಯ 31ನೇ ನಿಯಮದಲ್ಲಿದೆ. ಒಂದು ದಿನದ ಸಂತೆಯ ಜಾಗ ಗುತ್ತಿಗೆಯೇ? ಅದಕ್ಕಿಂತ ದೊಡ್ಡ ಪ್ರಶ್ನೆ, ಯಾರು ಯಾರೊಂದಿಗೆ ವ್ಯಾಪಾರ ಮಾಡಬೇಕೆಂಬ ನಿಯಮವನ್ನು ಸರ್ಕಾರ ಧರ್ಮ ನೋಡಿ ಬರೆಯಬಹುದೇ? ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಐತಿಹ್ಯ ಮಾಸ್ಟ್ರಿಗೆ ನನಗಿಂತ ಚೆನ್ನಾಗಿ ಗೊತ್ತು. ಶಾಂಭವಿ ಹೊಳೆಯಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ದೋಣಿ ನಿಂತಿತು, ದೇವಿ ಅವನ ಕನಸಿಗೆ ಬಂದಳು, ಅವನು ಗುಡಿ ಕಟ್ಟಿಸಿದ ಎನ್ನುತ್ತಾರೆ. ಊರಿನ ಹೆಸರಿನಲ್ಲೇ ಬಪ್ಪ ಇದ್ದಾನೆ. ಯಾವ ಕಾಯಿದೆಯೂ ಅದನ್ನು ಬರೆಯಿಸಿರಲಿಲ್ಲ.

ಅಕ್ಕ, ನಮ್ಮ ಉರೂಸಿಗೂ ಪಂಚಾಯತಿನ ದುಡ್ಡು ಬೇಡ. ಒಬ್ಬರು ಕೊಟ್ಟರೆಂದು ಇನ್ನೊಬ್ಬರು ಕೇಳುತ್ತಾ ಹೋದರೆ, ಪ್ರತಿ ಸಾಮಾನ್ಯ ಸಭೆಯೂ ಯಾವ ದೇವರಿಗೆ ಎಷ್ಟು ಎಂದು ಎಣಿಸುವ ಜಾಗವಾಗುತ್ತದೆ. ಬಲ್ಬ್ ಹೋದ ಬೀದಿದೀಪದ ಮಾತು ಯಾರು ಆಡುತ್ತಾರೆ?

ಮೂಲ್ಕಿಯ ಮಾಸ್ಟ್ರು:

ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಬಪ್ಪನಾಡಿನ ಡೋಲಿನ ಸದ್ದು ಕೇಳಿ ಬೆಳೆದವನು ನಾನು. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುತ್ತಿಲ್ಲ.

ಕಾರ್ಕಳದ ವ್ಯಾಪಾರಿ:

ನಿನ್ನೆಯಿಂದ ಎಲ್ಲವನ್ನೂ ಎರಡು ಬಾರಿ ಓದಿದೆ. ‘ಎಲ್ಲರಿಗೂ ಕೊಡಿ’ ಎಂದವನು ನಾನು. ಆದರೆ ಎಲ್ಲರಿಗೂ ಎಂದಾಗ ದೇವಸ್ಥಾನ, ಚರ್ಚ್, ಮಸೀದಿ ಮಾತ್ರ ನನ್ನ ಕಣ್ಣಮುಂದೆ ಇದ್ದವು. ಕೊರಗರ ಕಾಲೊನಿಯ ದೈವದ ಕಲ್ಲಿಗೆ ಯಾರೂ ಅರ್ಜಿ ಬರೆದುಕೊಡುವುದಿಲ್ಲ. ಏನನ್ನೂ ನಂಬದವನೂ ಮನೆ ತೆರಿಗೆ ಕಟ್ಟುತ್ತಾನೆ. ಅವನ ಪಾಲು ಯಾವುದು? ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಆದ್ದರಿಂದ ಆ ಮಾತನ್ನು ಹಿಂದೆ ಪಡೆಯುತ್ತೇನೆ. ಅಕ್ಕ, ದ್ವಾರಕ್ಕೆ ನನ್ನ ಅಂಗಡಿಯಿಂದ 5,000 ರೂಪಾಯಿ ಬರೆದುಕೊಳ್ಳಿ. ಸಮಿತಿಯ ರಸೀದಿ ಪುಸ್ತಕ ಕಳುಹಿಸಿದರೆ ಇಲ್ಲಿಯ ಇತರ ವ್ಯಾಪಾರಿಗಳನ್ನೂ ಕೇಳುತ್ತೇನೆ.

ವಾರ್ಡ್ ಸದಸ್ಯೆ, ಉಡುಪಿ ತಾಲೂಕು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಸಮಿತಿಯ ಅಧ್ಯಕ್ಷರ ಮನೆಗೆ ಹೋಗಿದ್ದೆ. ಸಭೆಯಲ್ಲಿ ಎದ್ದು ಹೇಳುವ ಮೊದಲು ಅವರ ಮುಖ ನೋಡಿ ಹೇಳಬೇಕು ಎನಿಸಿತು. ಶಿರೂರು ಮಠದ ಕಥೆಯನ್ನು ಪೂರ್ತಿ ಕೇಳಿದರು. ಬೇಸರವಾಯಿತು ಎಂದೂ ಹೇಳಿದರು, ಚಹಾ ಕೊಡದೆ ಕಳುಹಿಸಲಿಲ್ಲ. ದ್ವಾರದ ಅರ್ಜಿಯನ್ನು ಹಿಂದೆ ಪಡೆಯುವ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ಪಡೆಯದಿದ್ದರೆ ನಾನು ವಿರೋಧ ದಾಖಲಿಸುತ್ತೇನೆ.

ನಾನು ಮಂಡಿಸಲಿರುವ ನಿರ್ಣಯದ ಕರಡು ಇಲ್ಲಿದೆ: ‘ಗ್ರಾಮದಲ್ಲಿ ಯಾವುದೇ ಧರ್ಮದ ಅಥವಾ ಧರ್ಮಕ್ಕೆ ಸಂಬಂಧಿಸದ ಸಾರ್ವಜನಿಕ ಉತ್ಸವಕ್ಕೆ ಹೆಚ್ಚು ಜನ ಸೇರುವ ಸಂದರ್ಭದಲ್ಲಿ ಪಂಚಾಯತ್ ಉಚಿತವಾಗಿ ಕುಡಿಯುವ ನೀರಿನ ಟ್ಯಾಂಕರ್, ತಾತ್ಕಾಲಿಕ ಶೌಚಾಲಯ, ಕಸ ಸಂಗ್ರಹ ಮತ್ತು ಬೀದಿದೀಪ ದುರಸ್ತಿಯ ವ್ಯವಸ್ಥೆಯನ್ನು ಒಂದೇ ಮಾನದಂಡದಲ್ಲಿ ಮಾಡತಕ್ಕದ್ದು. ಅಲಂಕಾರ, ದ್ವಾರ, ಪೂಜೆ, ಪ್ರಾರ್ಥನೆಯ ಖರ್ಚನ್ನು ಪಂಚಾಯತ್ ನಿಧಿಯಿಂದ ಭರಿಸತಕ್ಕದ್ದಲ್ಲ.’ ವಕೀಲರು ನೋಡಿ ತಿದ್ದಬೇಕು.

ಮಂಗಳೂರಿನ ವಕೀಲ:

ಚೆನ್ನಾಗಿದೆ. ‘ಹೆಚ್ಚು ಜನ’ ಎಂದರೆ ಎಷ್ಟು ಎಂದು ಸಂಖ್ಯೆ ಹಾಕಿ, ಇಲ್ಲದಿದ್ದರೆ ಪ್ರತಿ ಬಾರಿಯೂ ವಾದ ಶುರುವಾಗುತ್ತದೆ.

ಪುತ್ತೂರು ಕಡೆಯ ಕೋಶಾಧಿಕಾರಿ:

‘ಉಚಿತವಾಗಿ’ ಎಂಬ ಪದವನ್ನು ತೆಗೆಯಿರಿ, ಅಕ್ಕ. ತೆರಿಗೆ ಕಟ್ಟಿದವರಿಗೆ ನೀರು ಕೊಡುವುದು ಉಪಕಾರವಲ್ಲ. ಟ್ಯಾಂಕರನ್ನು ದೇವಸ್ಥಾನದ ಅಂಗಳದೊಳಗೆ ನಿಲ್ಲಿಸದೆ ಮುಖ್ಯರಸ್ತೆಯ ಬದಿಯಲ್ಲಿ ನಿಲ್ಲಿಸಿ. ದಾರಿಯಲ್ಲಿ ಹೋಗುವವರೂ ಕುಡಿಯುತ್ತಾರೆ.